ಬೆಕ್ಕು ಕರೆಯುವ ಕೆಲಸ

ಬೆಕ್ಕು ಕರೆಯುವುದೂ ಒಂದು ಕೆಲಸವೇ ಎಂದು ನಕ್ಕವರಿಗೆಲ್ಲ ಉತ್ತರ ಕೊಡುತ್ತ ಕೂತಿದ್ದರೆ ಇಷ್ಟು ಹೊತ್ತಿಗೆ ನನ್ನ ಹಲ್ಲು ಸವೆದು ಹೋಗುತ್ತಿತ್ತು. ಹೌದು, ಕೆಲಸವೇ. ಹನ್ನೊಂದು ವರ್ಷ ಮಾಡಿದ್ದೇನೆ. ಹಳೆಯ ಕಟ್ಟಡಗಳನ್ನು ಸಿಡಿಮದ್ದು ಇಟ್ಟು ಕೆಡಹುವ ಕಂಪನಿ ನಮ್ಮದು. ಕಟ್ಟಡ ಬೀಳುವ ಮೊದಲು ಒಳಗೆ ಉಳಿದುಕೊಂಡ ಬೆಕ್ಕುಗಳನ್ನು ಹಿಡಿದು ಪಂಜರಕ್ಕೆ ಹಾಕಿ ಹೊರಗೆ ತರುವುದು ನನ್ನ ಮತ್ತು ಜೊತೆಗಾರ ಉದ್ದಣ್ಣನ ಪಾಲು. ಹಿಂದೊಮ್ಮೆ ಎಲ್ಲೋ ಒಂದು ಬೆಕ್ಕು ಕಲ್ಲುಮಣ್ಣಿನಡಿ ಮೂರು ದಿನ ಕೂಗಿ ಸತ್ತದ್ದು ಎಲ್ಲರ ಫೋನಿನಲ್ಲೂ ಓಡಾಡಿ ಕಂಪನಿಯ ಮಾನ ಹರಾಜಾಗಿತ್ತಂತೆ. ಆಮೇಲೆ ಹುಟ್ಟಿದ ಕೆಲಸ ಇದು. ಅವರಿಗೇನು ಬೆಕ್ಕಿನ ಮೇಲೆ ಮರುಕವೇ? ಮಣ್ಣು!

ಈಗ ಇದನ್ನು ಹೇಳುತ್ತಿರುವುದು ಬೆಕ್ಕಿಗಾಗಿ ಅಲ್ಲ. ಒಬ್ಬ ಅಜ್ಜಿ ಸತ್ತಳು. ಕಟ್ಟಡ ಖಾಲಿ ಇದೆ ಎಂದು ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಗಿರಣಿಯ ಕೆಲಸಕ್ಕೆಂದು ನಾಲ್ಕು ದಿಕ್ಕಿನಿಂದ ಬಂದವರಿಗೆ ಕಟ್ಟಿಸಿದ ಐದು ಮಹಡಿಯ ವಸತಿ ಅದು. ಅರವತ್ತು ಮನೆ, ಹನ್ನೆರಡು ಭಾಷೆ. ಗಿರಣಿ ಮುಚ್ಚಿ, ಗೋಡೆ ಬಿರುಕು ಬಿಟ್ಟು, ಕೊನೆಗೆ ಎಲ್ಲರನ್ನೂ ಎಬ್ಬಿಸಿ ಎದುರಿನ ಬಯಲಿನ ತಗಡಿನ ಶೆಡ್ಡುಗಳಿಗೆ ಹಾಕಿದ್ದರು. ಜನ ಬಂದರು, ಬೆಕ್ಕುಗಳು ಬರಲಿಲ್ಲ. ಬೆಕ್ಕು ಮನೆ ಬಿಡುವುದಿಲ್ಲ, ಅದರಲ್ಲೂ ಸದ್ದುಗದ್ದಲ ಆದಾಗ ಇನ್ನಷ್ಟು ಒಳಗೆ ಸರಿಯುತ್ತದೆ. ಹೆದರಿದ ಬೆಕ್ಕಿಗೆ ಮೀನು ತೋರಿಸಿದರೂ ಅಷ್ಟೇ, ಹಾಲು ತೋರಿಸಿದರೂ ಅಷ್ಟೇ. ಅದು ಬರುವುದು ಮನೆಯವರ ಕರೆಗೆ ಮಾತ್ರ.

ಆ ಕರೆ ಮನೆಗೊಂದು ಥರ. ಎಲ್ಲ ಬೆಕ್ಕೂ ಒಂದೇ ಕರೆಗೆ ಓಡಿ ಬರುತ್ತವೆ ಎನ್ನುವವನನ್ನು ಒಂದು ದಿನ ನನ್ನ ಜೊತೆ ಕಳಿಸಿ, ಅವನ ಭ್ರಮೆ ಬಿಡಿಸುತ್ತೇನೆ. ಒಂದನೇ ಮಹಡಿಯ ದರ್ಜಿ 'ಕಿಸ್ ಕಿಸ್' ಎನ್ನುತ್ತಿದ್ದ. ಅವನ ಪಕ್ಕದ ಬೇಕರಿಯವಳು 'ಮಿನೂ ಮಿನೂ' ಎಂದು ಮಗುವಿಗೆ ಅಂದ ಹಾಗೆ ರಾಗ ಎಳೆಯುತ್ತಿದ್ದಳು. ಮೇಲಿನವರು 'ಪಿಶ್ ಪಿಶ್'. ಒಂದು ಮನೆಯಲ್ಲಿ ತಮ್ಮ ಮಾತಿನಲ್ಲಿ 'ಚಿಟ್ಟೆ, ಬಾ' ಎನ್ನುತ್ತಿದ್ದರು. ಅವರ ಕಡೆ ಎಲ್ಲ ಬೆಕ್ಕೂ ಚಿಟ್ಟೆಯೇ ಅಂತೆ. ಇದರಲ್ಲಿ ಇನ್ನೂ ಒಂದು ಫಜೀತಿ ಇದೆ. ಮೇಲಿನ ಮನೆಯ 'ಪಿಶ್' ಕೇಳಿದರೆ ದರ್ಜಿಯ ಬೆಕ್ಕು ಬಾಲ ಎತ್ತಿಕೊಂಡು ಓಡುತ್ತಿತ್ತು, ಯಾಕೆಂದರೆ ದರ್ಜಿಯ ಮನೆಯಲ್ಲಿ ಅದು ಬೆಕ್ಕನ್ನು ಓಡಿಸುವ ಸದ್ದು. ಹಾಗಾಗಿ ನಾನು ಮೊದಲು ಮನೆಯವರ ಎದುರು ಕೂತು, ಅವರು ಕರೆಯುವುದನ್ನು ಕೇಳಿ, ಅವರಿಂದ ಬೈಸಿಕೊಂಡು ಕಲಿತು, ಆಮೇಲೆ ಉದ್ದಣ್ಣನಿಗೆ ಕಲಿಸುತ್ತಿದ್ದೆ. ಕಂಪನಿಯಲ್ಲಿ ನನಗೆ ಬೆಕ್ಕಿನ ಮಾವ ಎಂದೇ ಹೆಸರು.

ಒಳಗೆ ಹೋದ ಮೇಲೆ ನಮ್ಮದೊಂದು ಕಟ್ಟುನಿಟ್ಟು. ಮಾತಾಡಬಾರದು. ಮನುಷ್ಯರ ಮಾತು ಕೇಳಿದರೆ ಬೆಕ್ಕು ಇನ್ನೂ ಒಳಕ್ಕೆ ನುಸುಳುತ್ತದೆ. ನಾನು ಪೂರ್ವದ ಮೆಟ್ಟಿಲು, ಉದ್ದಣ್ಣ ಪಶ್ಚಿಮದ ಮೆಟ್ಟಿಲು. ನನ್ನ ಕರೆ ಅವನಿಗೆ ಕೇಳಿಸುತ್ತಿದ್ದರೆ ನಾನಿದ್ದೇನೆ ಎಂದು ಅರ್ಥ, ಅವನ ಕರೆ ನನಗೆ ಕೇಳಿಸುತ್ತಿದ್ದರೆ ಅವನಿದ್ದಾನೆ ಎಂದು ಅರ್ಥ. ಹನ್ನೊಂದು ವರ್ಷ ಹೀಗೇ ನಡೆದಿತ್ತು, ಒಂದು ದಿನವೂ ತಪ್ಪಿರಲಿಲ್ಲ.

ಅಜ್ಜಿಯ ಮನೆ ನಾಲ್ಕನೇ ಮಹಡಿಯಲ್ಲಿತ್ತು. ಅವಳ ಕರೆ ಮಾತ್ರ ನನ್ನ ನಾಲಿಗೆಗೆ ಬಗ್ಗಲಿಲ್ಲ. ನಾಲಿಗೆಯನ್ನು ಅಂಗುಳಿಗೆ ಒತ್ತಿ ಮೂರು ಸಲ ಲೊಚಗುಟ್ಟಬೇಕು, ಆಮೇಲೆ ಬರೀ ಉಸಿರಿನಲ್ಲಿ 'ಮುಶ್‌ಶ್' ಎಂದು ಎಳೆಯಬೇಕು. ಗಂಟಲಿನ ದನಿ ಸೇರಲೇಬಾರದು. ಶೆಡ್ಡಿನಲ್ಲಿ ಮಂಚದ ಮೇಲೆ ಕಾಲು ನೀಡಿ ಕೂತು ಅಜ್ಜಿ ನನಗೆ ಪಾಠ ಮಾಡಿದಳು.

"ಥೂ! ಬೆಕ್ಕನ್ನ ಕರೀತಿದೀಯೋ, ಸಾರು ಹೀರ್ತಿದೀಯೋ?"

"ಅಜ್ಜಿ, ನನಗೆ ಇಷ್ಟೇ ಬರೋದು."

"ನಿನಗೆ ಹಲ್ಲು ಜಾಸ್ತಿ ಆಯ್ತು. ನನ್ನ ಹಾಗೆ ನಾಲ್ಕು ಉದುರಿಸ್ಕೊ, ತಾನಾಗೇ ಬರುತ್ತೆ."

ನಾನು ನಕ್ಕೆ, ಅವಳೂ ನಕ್ಕಳು. ಅವಳ ಎರಡೂ ಮಂಡಿಗೆ ಬಟ್ಟೆ ಸುತ್ತಿತ್ತು. ಒಂದೊಂದು ಮಹಡಿ ಇಳಿಯುವುದಕ್ಕೆ ಹತ್ತು ನಿಮಿಷ ಬೇಕಾಗುತ್ತಿತ್ತಂತೆ, ಅದಕ್ಕೇ ಎರಡು ವರ್ಷ ಮನೆಯಿಂದ ಹೊರಗೇ ಬಂದಿರಲಿಲ್ಲ. ಆ ಎರಡು ವರ್ಷ ಜೊತೆಗಿದ್ದದ್ದು ಒಂದು ಕಿವಿ ಹರಿದ ಬೂದು ಬೆಕ್ಕು ಮಾತ್ರ. ಮಗಳು ಬಟ್ಟೆ ಇಸ್ತ್ರಿ ಮಾಡುವ ದೊಡ್ಡ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದಳು. ಮಗಳಿಗೆ ಊರಾಚೆ ಒಂದು ಪುಟ್ಟ ಮನೆ ಗೊತ್ತಾಗಿತ್ತು. ಆದರೆ ಅವಳ ಮಗುವಿಗೆ ಉಬ್ಬಸ, ಹಾಗಾಗಿ ಅಲ್ಲಿಗೆ ಬೆಕ್ಕು ಬರಕೂಡದು. ಈ ವಿಷಯಕ್ಕೆ ತಾಯಿ ಮಗಳಿಗೆ ದಿನಾ ಜಟಾಪಟಿ ಎಂದು ಪಕ್ಕದ ಶೆಡ್ಡಿನವರು ನನ್ನ ಕಿವಿಗೆ ಹಾಕಿದ್ದರು.

ಮೊದಲ ದಿನ ಎಂಟು ಬೆಕ್ಕು ಸಿಕ್ಕವು. ಅಜ್ಜಿಯದು ಸಿಗಲಿಲ್ಲ. ಸಂಜೆ ಶೆಡ್ಡಿಗೆ ಹೋದಾಗ ಅವಳು ಖಾಲಿ ಪಂಜರ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನೀನು ಸರಿಯಾಗಿ ಕರೀಲಿಲ್ಲ."

"ಕರೆದೆ ಅಜ್ಜಿ. ಬಾಯಿ ಒಣಗೋವರೆಗೂ ಕರೆದೆ."

"ನನ್ನ ಒಳಗೆ ಬಿಡು. ಒಂದೇ ಒಂದು ಸಲ ಕರೀತೀನಿ, ಓಡಿ ಬರುತ್ತೆ."

"ಆಗಲ್ಲ ಅಜ್ಜಿ. ಗೋಡೆಯೊಳಗೆಲ್ಲ ಮದ್ದು ತುಂಬಿದಾರೆ. ಯಾರನ್ನೂ ಬಿಡಲ್ಲ."

"ನಿನ್ನ ಬಿಡ್ತಾರಲ್ಲ?"

ಬೆಳಗಿನಿಂದ ಧೂಳು ಕುಡಿದು ನನ್ನ ತಲೆ ಸಿಡಿಯುತ್ತಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದು ನನ್ನ ಹೆಂಡತಿಗೂ ಗೊತ್ತು, ಇಡೀ ಕಂಪನಿಗೂ ಗೊತ್ತು. "ನೋಡಿ ಅಜ್ಜಿ, ನಾಳೆ ಬೆಳಿಗ್ಗೆ ಕೊನೇ ಸಲ ಹೋಗ್ತೀನಿ. ಸಿಕ್ಕರೆ ಸಿಕ್ತು, ಇಲ್ಲಾಂದ್ರೆ ಕಟ್ಟಡದ ಜೊತೆ ಅದೂ ಹೋಯ್ತು ಅಂದ್ಕೊಳ್ಳಿ" ಎಂದುಬಿಟ್ಟೆ. ಆ ಮಾತು ಆಡಿದ ನಾಲಿಗೆಯನ್ನು ಈಗ ಕಿತ್ತು ಹಾಕಬೇಕು ಅನ್ನಿಸುತ್ತದೆ.

ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕಟ್ಟಡ ಕೆಡಹುವ ಮುಹೂರ್ತ. ಕಾವಲಿನವರು ಎಂಟು ಗಂಟೆಗೆ ಪ್ರತಿ ಕೋಣೆ ನೋಡಿ, ಮುಂಬಾಗಿಲಿಗೆ ಮುದ್ರೆ ಹಾಕಿದರು. ಒಂಬತ್ತಕ್ಕೆ ನಾವಿಬ್ಬರು ಹಿಂಬಾಗಿಲಿಂದ ಒಳಗೆ ಹೋದೆವು. ಪಂಜರ ಸಾಗಿಸುವುದಕ್ಕೆಂದು ಆ ಬಾಗಿಲನ್ನು ಇಟ್ಟಿಗೆ ಕೊಟ್ಟು ತೆರೆದೇ ಇಟ್ಟಿದ್ದೆವು. ಅಲ್ಲಿ ಒಬ್ಬ ಕಾವಲುಗಾರ ನಿಲ್ಲಬೇಕಿತ್ತು. ನಿಂತಿರಲಿಲ್ಲ. ನಾವೂ ಕೇಳಲಿಲ್ಲ.

ನಾನು ಅಜ್ಜಿಯ ಮನೆಗೆ ಹೋಗಿ ಕರೆದೆ. ಬಾಗಿಲು, ಕಿಟಕಿ, ಮೆಟ್ಟಿಲ ಕಂಬಿ ಎಲ್ಲ ಗುಜರಿಯವರು ಕಿತ್ತುಕೊಂಡು ಹೋಗಿದ್ದರಿಂದ ಸಣ್ಣ ಸದ್ದೂ ಇಡೀ ಕಟ್ಟಡ ಸುತ್ತಿ ಬರುತ್ತಿತ್ತು. ಬೆಕ್ಕು ಬರಲಿಲ್ಲ. ಮೂರನೇ ಮಹಡಿ, ಎರಡನೇ ಮಹಡಿ, ಒಂದನೇ ಮಹಡಿ, ಎಲ್ಲ ಆಯಿತು. ಹತ್ತು ಗಂಟೆ ದಾಟಿದ ಮೇಲೆ ನೆಲಮಾಳಿಗೆಗೆ ಇಳಿದೆ. ಅಲ್ಲಿ ನೀರು ಕಾಯಿಸುವ ಹಳೆಯ ಬಾಯ್ಲರ್ ಇತ್ತು. ಅದರ ಹಿಂದೆ ಎರಡು ಕಣ್ಣು ಕಂಡವು.

ಆಗಲೇ ಮೇಲಿನಿಂದ ಅಜ್ಜಿಯ ಮನೆಯ ಕರೆ ಕೇಳಿಸಿತು. ಮೂರು ಲೊಚಗುಟ್ಟು, ಆಮೇಲೆ ಉಸಿರು. ಮತ್ತೆ ಮೂರು, ಮತ್ತೆ ಉಸಿರು. ಭೇಷ್ ಉದ್ದಣ್ಣ ಎಂದುಕೊಂಡೆ. ತನ್ನ ಕಡೆ ಮುಗಿಸಿ ನಾಲ್ಕನೇ ಮಹಡಿಯ ಓಣಿ ದಾಟಿ ನನಗೆ ನೆರವಿಗೆ ಬಂದಿದ್ದಾನೆ, ನನಗಿಂತ ಚೆನ್ನಾಗಿ ಕಲಿತಿದ್ದಾನೆ ಎಂದುಕೊಂಡೆ. ಆ ಕರೆಯಲ್ಲಿ ಗಂಡು ದನಿ ಹೆಣ್ಣು ದನಿ ಎಂಬುದು ಇರಲಿಲ್ಲ, ಗಂಟಲೇ ಇಲ್ಲದ ಕರೆ. ಮುದುಕಿಯೊಬ್ಬಳು ಅಲ್ಲಿಗೆ ಹತ್ತಿ ಬಂದಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಹೊಳೆಯಬೇಕಿತ್ತು.

ಕರೆ ಕೇಳಿ ಬೆಕ್ಕು ಬಾಯ್ಲರಿನ ಹಿಂದಿನಿಂದ ಹೊರಗೆ ಬಂತು. ನಾನು ಎಷ್ಟು ಕರೆದರೂ ಬಾರದ್ದು, ಕತ್ತು ಮೇಲೆತ್ತಿ ಮೆಟ್ಟಿಲ ಕಡೆ ಹೊರಟಿತು. ನಡುದಾರಿಯಲ್ಲಿ ಹಾರಿ ಹಿಡಿದೆ. ಮೊಣಕೈವರೆಗೆ ಪರಚಿ ರಕ್ತ ಬರಿಸಿತು ಪಿಶಾಚಿ. ಪಂಜರಕ್ಕೆ ತುರುಕಿ ಚಿಲಕ ಹಾಕಿದೆ. ಗಡಿಯಾರ ನೋಡಿದೆ, ಹತ್ತೂವರೆ. ಇನ್ನು ಬೆಕ್ಕು ಹೆದರುವ ಮಾತಿಲ್ಲವಲ್ಲ, ಮೆಟ್ಟಿಲ ಬುಡಕ್ಕೆ ಬಂದು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದೆ:

"ಸಿಕ್ತೂ! ಸಾಕು, ಇಳಿದು ಬಾ!"

ಕರೆ ತಟ್ಟನೆ ನಿಂತಿತು. ನಾನು ಪಂಜರ ಎತ್ತಿಕೊಂಡು ಹಿಂಬಾಗಿಲಿಂದ ಹೊರಗೆ ಬಂದೆ. ನನ್ನ ಮೆಟ್ಟಿಲು ಖಾಲಿ ಎಂದು ನನ್ನ ಗೇಟಿನಲ್ಲಿ ಸಹಿ ಹಾಕಿದೆ. ಉದ್ದಣ್ಣ ತನ್ನ ಗೇಟಿನಲ್ಲಿ ಹಾಕಬೇಕು, ಅದು ಪದ್ಧತಿ. ಹತ್ತು ನಲವತ್ತಕ್ಕೆ ಸೈರನ್ ಶುರುವಾಯಿತು. ಇಪ್ಪತ್ತು ನಿಮಿಷ ಬಿಡದೆ ಅರಚಿತು. ಹನ್ನೊಂದಕ್ಕೆ ಕಟ್ಟಡ ಮೊಣಕಾಲೂರಿದ ಹಾಗೆ ಕುಸಿದು ಕೂತಿತು. ಜನ ಚಪ್ಪಾಳೆ ತಟ್ಟಿದರು.

ವ್ಯಾನಿನ ಹತ್ತಿರ ಉದ್ದಣ್ಣ ಧೂಳಿನ ಟೊಪ್ಪಿಗೆ ಕೊಡವುತ್ತ ನಿಂತಿದ್ದ. ಪಂಜರ ನೋಡಿ ಹಲ್ಲು ಬಿಟ್ಟ.

"ಅಂತೂ ಸಿಕ್ತಲ್ಲೋ! ನಾಲ್ಕನೇ ಮಹಡೀಲಿ ನೀನು ಅಷ್ಟೊತ್ತು ಕರೀತಿದ್ದೆ, ಇವತ್ತು ಇವನು ಕಟ್ಟಡದ ಜೊತೆಗೇ ಬೀಳ್ತಾನೆ ಅಂದ್ಕೊಂಡೆ."

"ನಾನೆಲ್ಲಿ ಕರೆದೆ? ನಾನು ನೆಲಮಾಳಿಗೇಲಿದ್ದೆ. ಕರೀತಿದ್ದೋನು ನೀನು."

"ನಾನು ಹತ್ತೂಕಾಲಕ್ಕೇ ಸಹಿ ಹಾಕಿ ಹೊರಗೆ ಬಂದೆ ಕಣೋ. ಬರೋವಾಗ ನಿನ್ನ ಕರೆ ಕೇಳಿಸ್ತಾ ಇತ್ತು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಪಂಜರ ಅಲ್ಲೇ ಹಾಕಿ ಶೆಡ್ಡುಗಳ ಕಡೆ ಓಡಿದೆ. ಅಜ್ಜಿಯ ಮಂಚ ಖಾಲಿ. ಹೊದಿಕೆ ಮಡಚಿ ಇಟ್ಟಿತ್ತು. ಪಕ್ಕದ ಶೆಡ್ಡಿನವಳು ಸೌಟು ಹಿಡಿದು ಆಚೆ ಬಂದು, "ಅಜ್ಜಿ ಬೆಳಿಗ್ಗೇನೇ ಮಗಳ ಜೊತೆ ಜಗಳ ಆಡ್ಕೊಂಡು ಹೋದ್ರು, ಇನ್ನೂ ಬಂದಿಲ್ಲ" ಎಂದಳು. ಅಯ್ಯೋ, ನಾನು ಕಲ್ಲುಮಣ್ಣಿನ ರಾಶಿಯ ಕಡೆ ಓಡಿದೆ.

ಕಲ್ಲುಮಣ್ಣು ಸರಿಸಿ ಅವಳನ್ನು ಹೊರಗೆ ತೆಗೆಯುವುದಕ್ಕೆ ಮೂರು ದಿನ ಹಿಡಿಯಿತು. ಸಿಕ್ಕಿದ್ದು ಮೆಟ್ಟಿಲ ಕಾಂಕ್ರೀಟಿನ ಅಡಿಯಲ್ಲಿ. ಸುತ್ತ ಹಸಿರು ಸುಣ್ಣದ ಚೂರುಗಳಿದ್ದವು. ಆ ಕಟ್ಟಡದಲ್ಲಿ ಮಹಡಿಗೊಂದು ಬಣ್ಣ, ಹಸಿರು ಒಂದನೇ ಮಹಡಿಯದು. ಕಾಲು ಬರಿದಾಗಿತ್ತು, ಎರಡೂ ಚಪ್ಪಲಿ ಸ್ವೆಟರಿನ ಜೇಬಿನಲ್ಲಿದ್ದವು. ಅಗೆಯುವವರಿಗೆ ಅದು ವಿಚಿತ್ರ ಅನ್ನಿಸಿತು. ನನಗೆ ಅನ್ನಿಸಲಿಲ್ಲ. ನಾನು ಮನೆಮನೆ ಹೊಕ್ಕು ಬೆಕ್ಕು ಹುಡುಕುತ್ತಿದ್ದಾಗ ಅವಳು ತೆರೆದ ಹಿಂಬಾಗಿಲಿಂದ ನುಸುಳಿ, ಸದ್ದಿಲ್ಲದೆ ಮೇಲೆ ಹತ್ತಿರಬೇಕು. ಕಂಬಿ ಇಲ್ಲದ ಮೆಟ್ಟಿಲು, ಮೇಲೆಲ್ಲ ನುಣ್ಣನೆ ಧೂಳು, ಸೋತ ಮಂಡಿ. ಜಾರಬಾರದೆಂದು ಚಪ್ಪಲಿ ಬಿಚ್ಚಿ ಜೇಬಿಗೆ ಹಾಕಿ, ಒಂದೊಂದೇ ಮೆಟ್ಟಿಲು ಇಳಿದಿದ್ದಾಳೆ. ನಾನು ಕೂಗಿದ್ದು ಹತ್ತೂವರೆಗೆ. ಮಹಡಿಗೆ ಹತ್ತು ನಿಮಿಷ. ಅರ್ಧ ಗಂಟೆಗೆ ಮೂರು ಮಹಡಿ ಇಳಿದು ಒಂದನೇ ಮಹಡಿಗೆ ಬಂದಿದ್ದಳು. ಸೈರನ್ನಿನ ಅರಚಾಟದಲ್ಲಿ ಅವಳು ಎಷ್ಟು ಕೂಗಿಕೊಂಡಳೋ, ಯಾರಿಗೆ ಕೇಳಿಸಬೇಕು.

ವಿಚಾರಣೆ ನಡೆಯಿತು. ಹಿಂದಿನ ದಿನ ಉದ್ದಣ್ಣ ನನ್ನ ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೈ ಹಿಡಿದುಕೊಂಡ. ಆರಡಿ ಆಳು, ಮಗುವಿನ ಹಾಗೆ ಕೈ ಬಿಡಲೇ ಇಲ್ಲ.

"ಕೇಳಿಸ್ತು ಅಂದ್ರೆ ಮುಗೀತು ಕಣೋ. ಇಬ್ಬರೂ ಒಳಗೆ ಹೋಗ್ತೀವಿ. ನನ್ನ ದೊಡ್ಡ ಮಗಳಿಗೆ ಈಗಿನ್ನೂ ಹದಿನಾಲ್ಕು. ಹೇಳಿದ್ರೆ ಅಜ್ಜಿ ಎದ್ದು ಬರ್ತಾರಾ?"

ಬರುವುದಿಲ್ಲ ನಿಜ. ನಾನು ತಲೆ ಆಡಿಸಿದೆ.

ವಿಚಾರಣೆಯ ಕೋಣೆಯಲ್ಲಿ ಕಂಪನಿಯ ವಕೀಲ ಬೆಣ್ಣೆಯಂಥ ಮಾತಿನವನು. ಮಗಳನ್ನೇ ಮೊದಲು ಎಬ್ಬಿಸಿ ನಿಲ್ಲಿಸಿದ. ಬೆಳಿಗ್ಗೆ ಜಗಳ ಆಯಿತೇ ಎಂದು ಕೇಳಿದ. ಆಯಿತು ಎಂದಳು. ನೀವೇನು ಅಂದಿರಿ ಎಂದು ಕೇಳಿದ. ಅವಳು ಸುಟ್ಟ ಕಲೆಗಳಿದ್ದ ಕೈಬೆರಳು ಹಿಸುಕುತ್ತ, "ಬೆಕ್ಕು ಬೇಕೋ ನಾನು ಬೇಕೋ, ಇವತ್ತು ಹೇಳಿಬಿಡು ಅಂದೆ" ಎಂದಳು. ತಾಯಿ ಏನಂದರು? "ಏನೂ ಅನ್ನಲಿಲ್ಲ. ಹೊದಿಕೆ ಮಡಚಿಟ್ಟು ಎದ್ದು ಹೋದಳು." ವಕೀಲ ಅಧಿಕಾರಿಯ ಕಡೆ ತಿರುಗಿ ಸುಮ್ಮನೆ ನಿಂತ. ಅಷ್ಟೇ ಸಾಕಾಯಿತು. ಮುದುಕಿ ಬೇಕೆಂದೇ ಒಳಗೆ ಹೋಗಿ, ಸೈರನ್ ಕೇಳಿಯೂ ಹೊರಗೆ ಬರಲಿಲ್ಲ ಎಂದು ಬರೆದುಕೊಂಡರು.

ಆಮೇಲೆ ನನ್ನ ಸರದಿ. ಒಳಗೆ ಏನಾದರೂ ಸದ್ದು ಕೇಳಿಸಿತೇ ಎಂದು ಅಧಿಕಾರಿ ಕೇಳಿದರು. ನಾನು "ಇಲ್ಲ ಸಾರ್, ಏನೂ ಕೇಳಿಸಲಿಲ್ಲ" ಎಂದೆ. ಉದ್ದಣ್ಣನೂ ಅದನ್ನೇ ಅಂದ. ಮಗಳು ಎದುರಿನ ಬೆಂಚಿನಲ್ಲಿ ಕೂತು ನೆಲ ನೋಡುತ್ತಿದ್ದಳು. ಹತ್ತು ನಿಮಿಷದಲ್ಲಿ ಎಲ್ಲ ಮುಗಿದುಹೋಯಿತು.

ಬೆಕ್ಕು ನನ್ನ ಮನೆಯಲ್ಲೇ ಉಳಿಯಿತು. ಮಂಚದಡಿ ಸೇರಿಕೊಂಡು ಯಾರು ಕರೆದರೂ ಬರುತ್ತಿರಲಿಲ್ಲ. ನನ್ನ ಹೆಂಡತಿ ತನ್ನ ತವರಿನ 'ಮೀ ಮೀ' ಎಲ್ಲ ಹಾಡಿ ನೋಡಿದಳು, ಊಹೂಂ. ಅಜ್ಜಿಯ ಕರೆ ನನಗೆ ಅರೆಬರೆಯಾದರೂ ಬರುತ್ತಿತ್ತು, ಆದರೆ ಆ ಬೆಕ್ಕಿನ ಮುಂದೆ ಒಮ್ಮೆಯೂ ಕರೆಯಲಿಲ್ಲ.

ಏಳು ವಾರದ ಮೇಲೆ ಒಂದು ಮಧ್ಯಾಹ್ನ ಮಗಳು ಬಂದಳು. ಅರ್ಧ ಆಗಿದ್ದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ.

"ಬೆಕ್ಕು ನಿಮ್ಮ ಹತ್ರ ಇದೆಯಂತೆ. ತಗೊಂಡು ಹೋಗೋಕೆ ಬಂದೆ."

"ಮಗುಗೆ ಆಗಲ್ಲ ಅಂತಿದ್ರಲ್ಲಮ್ಮ?"

"ಮಗೂನ ಅದರ ಅಪ್ಪನ ಮನೆಗೆ ಕಳಿಸಿಬಿಟ್ಟೆ." ಬಾಗಿಲಲ್ಲೇ ನಿಂತು ಹೇಳಿದಳು. "ಅಮ್ಮನ ಕೈಲಿ ಆರಿಸ್ಕೊ ಅಂದೋಳು ನಾನು. ಅವಳು ಸಾಯೋದನ್ನ ಆರಿಸ್ಕೊಂಡಳು. ನನ್ನಂಥೋಳ ಹತ್ರ ಮಗು ಬೆಳೆಯೋದು ಬೇಡ. ಈ ಬೆಕ್ಕು ಇರೋವರೆಗೂ ನೋಡ್ಕೋತೀನಿ, ಆಮೇಲೆ ನೋಡೋಣ."

ಆಮೇಲೆ ಏನು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ, ಅವಳ ಮುಖದಲ್ಲೇ ಬರೆದಿತ್ತು. ಅಜ್ಜಿ ಎದ್ದು ಬರುತ್ತಾಳಾ ಎಂದು ಉದ್ದಣ್ಣ ಕೇಳಿದ್ದ. ಇಲ್ಲ, ಬರುವುದಿಲ್ಲ. ಆದರೆ ಬದುಕಿರುವವಳೊಬ್ಬಳು ನನ್ನ ಬಾಗಿಲಲ್ಲಿ ನಿಂತಿದ್ದಾಳೆ, ನನ್ನ ಒಂದು ಸುಳ್ಳು ಅವಳನ್ನೂ ತಿನ್ನುತ್ತಿದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಹೆಂಡತಿ ಒಳಗಿನಿಂದ ನೀರು ತಂದಳು. ನಾನು ಲೋಟ ತೆಗೆದುಕೊಂಡು ಮಗಳ ಕೈಗೆ ಕೊಟ್ಟೆ.

"ನಿಮ್ಮಮ್ಮ ಸಾಯೋಕೆ ಹೋಗಿರಲಿಲ್ಲ ಕಣಮ್ಮ. ಬೆಕ್ಕು ಕರೆಯೋಕೆ ಹೋಗಿದ್ರು. ನನಗೆ ಕೇಳಿಸ್ತು."

ಅವಳು ಲೋಟ ಕೆಳಗಿಟ್ಟಳು.

ಎಲ್ಲ ಹೇಳಿದೆ. ಬಾಯ್ಲರ್, ಬೆಕ್ಕು ಹೊರಗೆ ಬಂದದ್ದು, ಕರೆ ಉದ್ದಣ್ಣನದು ಎಂದುಕೊಂಡದ್ದು, ಅವನು ನನ್ನದು ಎಂದುಕೊಂಡದ್ದು, ನಾನು ಮೆಟ್ಟಿಲ ಬುಡದಲ್ಲಿ ಕೂಗಿದ್ದು, ಕರೆ ನಿಂತದ್ದು. ಹಸಿರು ಸುಣ್ಣ, ಚಪ್ಪಲಿ, ಮೂರು ಮಹಡಿ. "ಬೆಕ್ಕು ಸಿಕ್ಕಿದ್ದು ಅವರಿಗೆ ಗೊತ್ತಾಗಿತ್ತು. ನಿಮ್ಮ ಹತ್ರ ವಾಪಸ್ ಬರೋಕೆ ಅಂತಲೇ ಇಳೀತಿದ್ರು. ಸಾಯಬೇಕು ಅನ್ನೋರು ಜಾರಬಾರದು ಅಂತ ಚಪ್ಪಲಿ ಬಿಚ್ತಾರಾ?"

ಅವಳು ಗೋಡೆಗೆ ಒರಗಿದಳು. "ನೀನು ಕೂಗಿದ ತಕ್ಷಣ ನಿಲ್ಲಿಸಿದಳಾ?" ಎಂದು ಕೇಳಿದಳು.

"ತಕ್ಷಣ."

"ಹೇಗೆ ಕೂಗಿದೆ? ಕೂಗು."

"ಬೇಡಮ್ಮ."

"ಕೂಗು ಅಂದೆ. ಅಮ್ಮ ಕೊನೇಲಿ ಕೇಳಿದ ಮಾತು ಅದು. ನಾನು ಕೇಳಬೇಕು."

ನಾನು ಕಣ್ಣು ಮುಚ್ಚಿ, ಬಾಯಿಗೆ ಕೈ ಅಡ್ಡ ಹಿಡಿದು, ಆವತ್ತು ಕೂಗಿದಷ್ಟೇ ಜೋರಾಗಿ ಕೂಗಿದೆ. ಎದುರು ಮನೆಯವರು ಬಾಗಿಲು ತೆರೆದು ಇಣುಕಿದರು. ಹೆಂಡತಿ ಬಾಯಿಗೆ ಕೈ ಇಟ್ಟುಕೊಂಡಳು. ಮಗಳು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳು. ಏಳು ವಾರದ್ದನ್ನೂ ಒಟ್ಟಿಗೇ ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಎದ್ದು ನಿಂತು ನನ್ನನ್ನು ನೋಡಿದಳು.

"ಇಷ್ಟು ಜೋರಾಗಿ ಬಾಯಿ ಬಿಡೋಕೆ ಬರುತ್ತಲ್ಲ ನಿನಗೆ. ಅಲ್ಲಿ, ಅವರೆಲ್ಲರ ಮುಂದೆ ನಾನು ಕೂತಿದ್ದಾಗ, ಯಾಕೆ ಬಿಡಲಿಲ್ಲ?"

ಗೂಟದ ಮೇಲಿದ್ದ ಅಂಗಿ ತೆಗೆದುಕೊಂಡೆ. ಹೆಂಡತಿ, "ಎಲ್ಲಿಗೆ?" ಎಂದಳು. ವಿಚಾರಣೆಯ ಆಫೀಸು ಐದು ಗಂಟೆವರೆಗೆ ತೆರೆದಿರುತ್ತದೆ ಎಂದೆ. ಮಗಳು ಆಗಲೇ ಬೀದಿಗೆ ಇಳಿದಿದ್ದಳು. ಗುಂಡಿ ಹಾಕಿಕೊಳ್ಳುತ್ತ ಅವಳ ಹಿಂದೆ ನಡೆದೆ.